ಗೆಲಿಲಿಯೊ ಬರೆದಿಟ್ಟ ವ್ಯತ್ಯಾಸಗಳು

ಗೆಲಿಲಿಯೊ ಎಂದೊಡನೆ ಪ್ರೌಢಶಾಲೆಯ ಮಕ್ಕಳ ಬಾಯಿಗೆ ಎರಡು ಉತ್ತರಗಳು ಬರುತ್ತವೆ: ದೂರದರ್ಶಕ ಮತ್ತು ಪೀಸಾದ ವಾಲುಗೋಪುರ. ದೂರದರ್ಶಕವನ್ನು ಅವನು ಕಂಡುಹಿಡಿಯಲಿಲ್ಲ. ಡಚ್ಚರ ದೇಶದಿಂದ ಬಂದ ಸುದ್ದಿ ಕೇಳಿ ತಾನೇ ಮಾಡಿಕೊಂಡು, ಸುಧಾರಿಸಿ, ಆಕಾಶಕ್ಕೆ ತಿರುಗಿಸಿದ. ಗೋಪುರದ ಕಥೆ ಅವನ ಶಿಷ್ಯ ವಿವಿಯಾನಿ ಗುರು ತೀರಿಕೊಂಡ ಮೇಲೆ ಬರೆದ ಜೀವನಚರಿತ್ರೆಯಲ್ಲಿ ಬರುತ್ತದೆ. ಹಾಗೆಯೇ ನಡೆಯಿತು ಎನ್ನುವುದಕ್ಕೆ ಬೇರೆ ಸಾಕ್ಷಿ ಇಲ್ಲ. ನಮ್ಮ ಬೋಧನಾಭ್ಯಾಸಕ್ಕೆ ಹೆಚ್ಚು ಉಪಯೋಗವಾಗುವ ಗೆಲಿಲಿಯೊ ಇನ್ನೊಬ್ಬನಿದ್ದಾನೆ. ಮೇಜಿನ ಮೇಲೆ ಇಳಿಜಾರು ಹಲಗೆ ಇಟ್ಟು, ಗುಂಡು ಉರುಳಿಸಿ, ಅದು ನೆಲಕ್ಕೆ ಬಿದ್ದ ಜಾಗವನ್ನು ಅಳೆದು, ಲೆಕ್ಕಕ್ಕೂ ಅಳತೆಗೂ ಎಷ್ಟು ವ್ಯತ್ಯಾಸ ಬಂತೆಂದು ಪಕ್ಕದಲ್ಲೇ ಬರೆದಿಟ್ಟವನು ಅವನು.

ಗೆಲಿಲಿಯೊ ಹುಟ್ಟಿದ್ದು 1564ರ ಫೆಬ್ರವರಿ 15ರಂದು, ಇಟಲಿಯ ಪೀಸಾ ಪಟ್ಟಣದಲ್ಲಿ. ತಂದೆ ವಿಂಚೆಂಜೊ ಗೆಲಿಲಿ ಲ್ಯೂಟ್ ಎಂಬ ತಂತಿವಾದ್ಯ ನುಡಿಸುತ್ತಿದ್ದ ಸಂಗೀತಗಾರ, ಸಂಗೀತಶಾಸ್ತ್ರದ ಬಗ್ಗೆ ಪುಸ್ತಕ ಬರೆದವನು. ತಂತಿಗೆ ಕಟ್ಟಿದ ತೂಕವನ್ನು ಎರಡು ಪಟ್ಟು ಮಾಡಿದರೆ ಸ್ವರ ಒಂದು ಸ್ಥಾಯಿ ಮೇಲೇರುತ್ತದೆ ಎಂದು ಹಿಂದಿನವರು ಹೇಳಿಕೊಂಡು ಬಂದಿದ್ದರು. ವಿಂಚೆಂಜೊ ತೂಕ ಕಟ್ಟಿ ನೋಡಿದ. ನಾಲ್ಕು ಪಟ್ಟು ಬೇಕಾಯಿತು. ಹೇಳಿಕೆ ಎಷ್ಟೇ ಹಳೆಯದಾದರೂ ತೂಕ ಕಟ್ಟಿ ನೋಡದೆ ಒಪ್ಪಬಾರದು ಎನ್ನುವ ಬುದ್ಧಿ ಆ ಮನೆಯಲ್ಲೇ ಇತ್ತು. ಮುಂದೆ ಮಗನ ಪ್ರಯೋಗದಲ್ಲೂ ಇದೇ ವರ್ಗಮೂಲ ಬೇರೆ ವೇಷದಲ್ಲಿ ಎದುರಾಗುತ್ತದೆ.

1581ರಲ್ಲಿ ಮಗನನ್ನು ಪೀಸಾ ವಿಶ್ವವಿದ್ಯಾಲಯಕ್ಕೆ ವೈದ್ಯಶಾಸ್ತ್ರ ಓದಲು ಸೇರಿಸಿದರು. ಒಸ್ಟೀಲಿಯೊ ರಿಚ್ಚಿ ಎಂಬ ಗಣಿತಜ್ಞನಿಂದ ಯೂಕ್ಲಿಡನ ರೇಖಾಗಣಿತ ಕೇಳಿದ ಮೇಲೆ ಹುಡುಗನ ಮನಸ್ಸು ವೈದ್ಯದಲ್ಲಿ ನಿಲ್ಲಲಿಲ್ಲ. 1585ರಲ್ಲಿ ಪದವಿ ಇಲ್ಲದೆಯೇ ಹೊರಬಂದ. ನಾಲ್ಕು ವರ್ಷ ಅಲ್ಲಿ ಇಲ್ಲಿ ಪಾಠ ಹೇಳಿ, 1589ರಲ್ಲಿ ಅದೇ ಪೀಸಾದಲ್ಲಿ ಗಣಿತದ ಉಪನ್ಯಾಸಕನಾದ. ಸಂಬಳ ವರ್ಷಕ್ಕೆ 60 ಸ್ಕೂಡಿ, ಬಹಳ ಕಡಿಮೆ. 1591ರಲ್ಲಿ ತಂದೆ ತೀರಿಕೊಂಡಾಗ ತಂಗಿಯರ ವರದಕ್ಷಿಣೆಯ ಭಾರವೂ ಹಿರಿಯ ಮಗನ ಹೆಗಲಿಗೆ ಬಂತು. ಮುಂದಿನ ವರ್ಷ ಪಾದುವಾ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಹದಿನೆಂಟು ವರ್ಷ ಇದ್ದ. ನಮ್ಮ ವಿಷಯ ನಡೆದದ್ದೂ ಅಲ್ಲೇ.

ಎಸೆದ ಕಲ್ಲು, ಹಾರಿಸಿದ ಗುಂಡು ಯಾವ ದಾರಿಯಲ್ಲಿ ಹೋಗುತ್ತದೆ ಎಂಬುದು ಆಗ ಕೇವಲ ಪುಸ್ತಕದ ಪ್ರಶ್ನೆಯಾಗಿರಲಿಲ್ಲ. ಫಿರಂಗಿಗಳ ಕಾಲ ಅದು. 1537ರಲ್ಲಿ ತಾರ್ತಾಲಿಯ ಎಂಬ ಗಣಿತಜ್ಞ ಇದರ ಬಗ್ಗೆ ಪುಸ್ತಕವನ್ನೇ ಬರೆದಿದ್ದ. ಗುಂಡು ಮೊದಲು ನೇರವಾಗಿ ಹೋಗುತ್ತದೆ, ನಡುವೆ ಸ್ವಲ್ಪ ಬಾಗುತ್ತದೆ, ಕೊನೆಗೆ ನೆಟ್ಟಗೆ ಕೆಳಗೆ ಬೀಳುತ್ತದೆ ಎಂದು ಮೂರು ತುಂಡು ಮಾಡಿ ಚಿತ್ರ ಬರೆದಿದ್ದ. 45 ಡಿಗ್ರಿಯಲ್ಲಿ ಹಾರಿಸಿದರೆ ಹೆಚ್ಚು ದೂರ ಹೋಗುತ್ತದೆ ಎಂಬ ಸರಿಯಾದ ಮಾತನ್ನೂ ಅವನೇ ಹೇಳಿದ್ದ. ಇಂದಿಗೂ ಮಕ್ಕಳಿಗೆ ಮೇಜಿನಿಂದ ಉರುಳಿ ಬೀಳುವ ಚೆಂಡಿನ ದಾರಿ ಬರೆಯಲು ಹೇಳಿದರೆ ಕೆಲವರು ಇದೇ ಮೂರು ತುಂಡಿನ ಚಿತ್ರ ಬರೆಯುತ್ತಾರೆ. ತಪ್ಪೆಂದು ಅಳಿಸುವ ಮೊದಲು, ಯೂರೋಪಿನ ಒಬ್ಬ ದೊಡ್ಡ ಗಣಿತಜ್ಞನೂ ಹೀಗೆಯೇ ಬರೆದಿದ್ದನೆಂದು ಹೇಳಿದರೆ ಅವರ ಮುಖ ಅರಳುತ್ತದೆ.

ಗೆಲಿಲಿಯೊಗೆ ಕೆಲಸ ಕೊಡಿಸುವುದರಲ್ಲಿ ನೆರವಾದ ಗ್ವಿದೊಬಾಲ್ದೊ ದೆಲ್ ಮೊಂತೆ ಎಂಬ ಶ್ರೀಮಂತ ಗಣಿತಾಸಕ್ತ ಒಂದು ಸುಂದರ ಪ್ರಯೋಗವನ್ನು ತನ್ನ ಟಿಪ್ಪಣಿಯಲ್ಲಿ ಬರೆದಿಟ್ಟಿದ್ದಾನೆ. ಗುಂಡಿಗೆ ಶಾಯಿ ಬಳಿದು, ಓರೆಯಾಗಿ ನಿಲ್ಲಿಸಿದ ಹಲಗೆಯ ಮೇಲೆ ಅಡ್ಡವಾಗಿ ಎಸೆದರೆ ಗುಂಡು ತನ್ನ ದಾರಿಯನ್ನು ತಾನೇ ಬರೆದುಕೊಂಡು ಹೋಗುತ್ತದೆ. ಏರುವ ಭಾಗವೂ ಇಳಿಯುವ ಭಾಗವೂ ಒಂದೇ ತರಹ ಬಾಗಿದ್ದವು. ನೇರ ತುಂಡು ಎಲ್ಲಿಯೂ ಕಾಣಲಿಲ್ಲ. ಇಬ್ಬರೂ ಸೇರಿ 1592ರ ಸುಮಾರಿಗೆ ಇದನ್ನು ಮಾಡಿರಬಹುದೆಂದು ಕೆಲವು ವಿದ್ವಾಂಸರ ಅಂದಾಜು. ಎರಡು ಮೊಳೆಗೆ ತೂಗುಹಾಕಿದ ಸರಪಳಿಯ ಆಕಾರವೂ ಇದೇ ಎಂದು ಅವರಿಗೆ ಅನ್ನಿಸಿತು. ಅದು ಸರಿಯಲ್ಲ. ಸರಪಳಿಯ ವಕ್ರ ಪರವಲಯಕ್ಕೆ ಬಹಳ ಹತ್ತಿರ ಬರುತ್ತದೆ, ಆದರೆ ಪರವಲಯವಲ್ಲ.

ಪಾದುವಾದ ಅವನ ಮನೆ ಅರ್ಧ ವಿದ್ಯಾರ್ಥಿನಿಲಯ, ಅರ್ಧ ಕಾರ್ಖಾನೆ. ಬಾಡಿಗೆಗೆ ಇದ್ದ ವಿದ್ಯಾರ್ಥಿಗಳಿಗೆ ಊಟ, ವಸತಿ, ಖಾಸಗಿ ಪಾಠ. ಮಾರ್ಕಾಂತೋನಿಯೊ ಮಾತ್ಸೊಲೇನಿ ಎಂಬ ಕುಶಲಕರ್ಮಿಯನ್ನು ಮನೆಯಲ್ಲೇ ಇಟ್ಟುಕೊಂಡು ಸೈನಿಕರಿಗೆ ಲೆಕ್ಕ ಮಾಡಲು ಬರುವ ಒಂದು ಅಳತೆಯ ಸಲಕರಣೆಯನ್ನು ಮಾಡಿಸಿ ಮಾರುತ್ತಿದ್ದ. ಮರೀನಾ ಗಾಂಬಾ ಎಂಬಾಕೆಯಿಂದ ಮೂವರು ಮಕ್ಕಳು: ವಿರ್ಜೀನಿಯ, ಲೀವಿಯ, ವಿಂಚೆಂಜೊ. ಇಬ್ಬರೂ ಮದುವೆಯಾಗಲಿಲ್ಲ. ಸಾಲ, ಸಂಸಾರ, ಪಾಠ, ವ್ಯಾಪಾರ ಇವುಗಳ ನಡುವೆ ಚಲನೆಯ ಲೆಕ್ಕವೂ ನಡೆಯುತ್ತಿತ್ತು.

1604ರಲ್ಲಿ ಗೆಳೆಯ ಪಾವೊಲೊ ಸಾರ್ಪಿಗೆ ಒಂದು ಪತ್ರ ಬರೆದ. ಬೀಳುವ ವಸ್ತು ಸಮಾನ ಕಾಲಾವಧಿಗಳಲ್ಲಿ ಕ್ರಮಿಸುವ ದೂರಗಳು 1, 3, 5, 7 ಹೀಗೆ ಬೆಸ ಸಂಖ್ಯೆಗಳಂತೆ ಹೆಚ್ಚುತ್ತವೆ, ಅಂದರೆ ಒಟ್ಟು ದೂರ ಕಾಲದ ವರ್ಗಕ್ಕೆ ಅನುಪಾತದಲ್ಲಿದೆ ಎಂಬುದು ಅದರಲ್ಲಿತ್ತು. ಇದು ಸರಿ. ಆದರೆ ಅದಕ್ಕೆ ಕೊಟ್ಟ ಕಾರಣ ತಪ್ಪಾಗಿತ್ತು: ಬಿದ್ದ ದೂರ ಹೆಚ್ಚಿದಷ್ಟೇ ಪ್ರಮಾಣದಲ್ಲಿ ವೇಗ ಹೆಚ್ಚುತ್ತದೆ ಎಂದುಕೊಂಡಿದ್ದ. ವೇಗ ಹೆಚ್ಚುವುದು ಕಾಲಕ್ಕೆ ಅನುಪಾತದಲ್ಲಿ ಎಂಬುದು ಅವನಿಗೆ ಸ್ಪಷ್ಟವಾದದ್ದು ನಂತರ. ದೂರಕ್ಕೋ ಕಾಲಕ್ಕೋ ಎಂಬ ಈ ಗೊಂದಲ ನಮ್ಮ ತರಗತಿಗಳಲ್ಲೂ ತೀರಾ ಸಾಮಾನ್ಯ. ಪಾಠ ಯೋಜನೆಯಲ್ಲಿ ಒಂದು ಸಾಲಿನಲ್ಲಿ ದಾಟಿಬಿಡುವ ಈ ಅಂಶಕ್ಕೆ ಗೆಲಿಲಿಯೊಗೆ ವರ್ಷಗಳೇ ಹಿಡಿದವು ಎಂಬುದನ್ನು ನಾವು ನೆನಪಿಡುವುದು ಒಳ್ಳೆಯದು.

ಈಗ ಆ ಹಾಳೆಯ ವಿಷಯ. ಫ್ಲಾರೆನ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿರುವ ಗೆಲಿಲಿಯೊನ ಹಸ್ತಪ್ರತಿಗಳಲ್ಲಿ 72ನೆಯ ಕಟ್ಟು ಚಲನೆಗೆ ಸಂಬಂಧಿಸಿದ್ದು. ಅದರ 116ನೆಯ ಹಾಳೆಯ ಹಿಂಬದಿಯಲ್ಲಿ ಒಂದು ಚಿತ್ರವಿದೆ: ಒಂದು ಲಂಬ ಗೆರೆ, ಅದರಿಂದ ಹೊರಟು ನೆಲಕ್ಕೆ ಬಾಗುವ ಹಲವು ವಕ್ರರೇಖೆಗಳು, ಅವುಗಳ ಬುಡದಲ್ಲಿ ಅಂಕಿಗಳು. ವಿವರಣೆ ಹೆಚ್ಚಿಲ್ಲ. ಬರೆದದ್ದು 1608ರ ಸುಮಾರಿಗೆ ಎಂದು ಲೆಕ್ಕ. ವಿದ್ವಾಂಸರು ಓದಿಕೊಂಡಿರುವ ರೀತಿ ಹೀಗೆ: ಇಳಿಜಾರಿನ ಮೇಲೆ ಬೇರೆ ಬೇರೆ ಎತ್ತರದಿಂದ ಗುಂಡನ್ನು ಬಿಟ್ಟು, ಕೊನೆಯಲ್ಲಿ ಅದನ್ನು ಅಡ್ಡಕ್ಕೆ ತಿರುಗಿಸಿ, ಮೇಜಿನ ಅಂಚಿನಿಂದ ಎಷ್ಟು ದೂರದಲ್ಲಿ ಬೀಳುತ್ತದೆಂದು ಅಳೆಯುವುದು. ಅವನ ಅಳತೆಯ ಮಾನ ಪುಂತೊ, ಒಂದು ಮಿಲಿಮೀಟರಿಗಿಂತ ತುಸು ಕಡಿಮೆ. ಮೇಜಿನ ಎತ್ತರ 828 ಪುಂತೊ, ಸುಮಾರು 78 ಸೆಂಟಿಮೀಟರ್. ನಮ್ಮ ಪ್ರಯೋಗಾಲಯದ ಮೇಜಿನಷ್ಟೇ.

ಗುಂಡನ್ನು 300 ಪುಂತೊ ಎತ್ತರದಿಂದ ಬಿಟ್ಟಾಗ 800 ಪುಂತೊ ದೂರದಲ್ಲಿ ಬಿತ್ತು. 600 ಎತ್ತರಕ್ಕೆ 1172. ಮುಂದೆ 800 ಎತ್ತರಕ್ಕೆ 1328, 828ಕ್ಕೆ 1340, 1000ಕ್ಕೆ 1500. ಮೇಜಿನ ಎತ್ತರ ಒಂದೇ ಆದ್ದರಿಂದ ಗುಂಡು ಗಾಳಿಯಲ್ಲಿರುವ ಕಾಲ ಪ್ರತಿ ಸಲವೂ ಒಂದೇ. ಹಾಗಾಗಿ ಅಡ್ಡ ದೂರ ಹೆಚ್ಚಾದರೆ ಅಡ್ಡ ವೇಗ ಅಷ್ಟೇ ಪ್ರಮಾಣದಲ್ಲಿ ಹೆಚ್ಚಾಗಿದೆ ಎಂದರ್ಥ. ಗಡಿಯಾರವಿಲ್ಲದೆ ವೇಗವನ್ನು ಅಳೆಯುವ ಈ ಉಪಾಯ ನನಗೆ ಇಡೀ ಪ್ರಯೋಗದಲ್ಲಿ ಬಹಳ ಇಷ್ಟವಾದದ್ದು. ವೇಗ ಎತ್ತರಕ್ಕೇ ಅನುಪಾತದಲ್ಲಿದ್ದಿದ್ದರೆ 600ರಿಂದ ಬಿಟ್ಟ ಗುಂಡು 1600ರಲ್ಲಿ ಬೀಳಬೇಕಿತ್ತು. ಎತ್ತರದ ವರ್ಗಮೂಲಕ್ಕೆ ಅನುಪಾತದಲ್ಲಿದ್ದರೆ 1131ರಲ್ಲಿ. ಬಿದ್ದದ್ದು 1172ರಲ್ಲಿ. 1604ರ ಪತ್ರದ ಕಾರಣಕ್ಕೆ ಈ ಅಂಕಿಯಲ್ಲಿ ಜಾಗವಿಲ್ಲ.

ಗೆಲಿಲಿಯೊ ಮೊದಲ ಅಳತೆಯಾದ 800ನ್ನು ಆಧಾರವಾಗಿಟ್ಟುಕೊಂಡು ಉಳಿದವು ಎಷ್ಟಿರಬೇಕಿತ್ತೆಂದು ಲೆಕ್ಕ ಹಾಕಿದ: 1131, 1306, 1330, 1460. ಆಮೇಲೆ ಅಳತೆಗೂ ಲೆಕ್ಕಕ್ಕೂ ನಡುವಿನ ವ್ಯತ್ಯಾಸಗಳನ್ನು ಬರೆದ: 41, 22, 10, 40. ಅವನ್ನು ಹೊಡೆದುಹಾಕಲಿಲ್ಲ, ಅಳತೆಯನ್ನು ತಿದ್ದಿ ಲೆಕ್ಕಕ್ಕೆ ಕೂಡಿಸಲೂ ಇಲ್ಲ. ಪ್ರಯೋಗದ ದಾಖಲೆ ಪುಸ್ತಕದಲ್ಲಿ ಉತ್ತರ 9.8 ಬರುವಂತೆ ಹಿಂದಿನಿಂದ ಮುಂದಕ್ಕೆ ಅಂಕಿ ತುಂಬುವ ಪದ್ಧತಿ ಎಷ್ಟೋ ಕಡೆ ನಡೆದುಬಂದಿದೆ ಎಂಬುದು ನಮ್ಮಲ್ಲಿ ಯಾರಿಗೂ ಹೊಸ ಸುದ್ದಿಯಲ್ಲ. ಅಂಥ ಪುಸ್ತಕದಲ್ಲಿ ತಿದ್ದಲು ಏನೂ ಇರುವುದಿಲ್ಲ, ಕಲಿಯಲೂ ಏನೂ ಇರುವುದಿಲ್ಲ. ಗೆಲಿಲಿಯೊನ ನಾಲ್ಕು ವ್ಯತ್ಯಾಸಗಳಿಂದ ನಾಲ್ಕು ನೂರು ವರ್ಷ ಕಳೆದ ಮೇಲೂ ಒಂದು ಅವಧಿಯ ಪಾಠ ಮಾಡಬಹುದು.

ನಾಲ್ಕೂ ವ್ಯತ್ಯಾಸಗಳು ಒಂದೇ ಕಡೆಗಿವೆ, ಗಮನಿಸಿ. ಪ್ರತಿ ಸಲವೂ ಗುಂಡು ಲೆಕ್ಕಕ್ಕಿಂತ ಮುಂದೆಯೇ ಬಿದ್ದಿದೆ. ಕೈ ತಪ್ಪಿ ಆಗುವ ದೋಷಗಳಾದರೆ ಕೆಲವು ಹೆಚ್ಚು, ಕೆಲವು ಕಡಿಮೆ ಬರಬೇಕು. ಪ್ರತಿ ದೂರವನ್ನೂ ಅದರ ಎತ್ತರದ ವರ್ಗಮೂಲದಿಂದ ಭಾಗಿಸಿ ನೋಡಿದರೆ ಗುಟ್ಟು ಗೊತ್ತಾಗುತ್ತದೆ. ಕ್ರಮವಾಗಿ 46.2, 47.8, 47.0, 46.6, 47.4 ಬರುತ್ತವೆ. ಎಲ್ಲಕ್ಕಿಂತ ಚಿಕ್ಕದು ಮೊದಲನೆಯದೇ, ಅವನು ಆಧಾರವಾಗಿ ಹಿಡಿದದ್ದು! ಆ ಒಂದು ಅಳತೆ ತುಸು ಕಡಿಮೆ ಬಿದ್ದಿತ್ತು. ಅದರ ಕೊರತೆ ಉಳಿದೆಲ್ಲ ಲೆಕ್ಕಕ್ಕೂ ಹಂಚಿಹೋಯಿತು. ಐದರ ಸರಾಸರಿ 47 ಹಿಡಿದು ಮತ್ತೆ ಲೆಕ್ಕ ಹಾಕಿದರೆ ಬೀಳಬೇಕಾದ ದೂರಗಳು 814, 1151, 1329, 1352, 1486 ಆಗುತ್ತವೆ. ಈಗ ವ್ಯತ್ಯಾಸಗಳು 14 ಕಡಿಮೆ, 21 ಹೆಚ್ಚು, 1 ಕಡಿಮೆ, 12 ಕಡಿಮೆ, 14 ಹೆಚ್ಚು. ಅತಿ ದೊಡ್ಡದೂ ಎರಡು ಸೆಂಟಿಮೀಟರ್ ಮಾತ್ರ. ಅಂಕಿ ಅವನದೇ, ಆಧಾರವನ್ನಷ್ಟೇ ಬದಲಿಸಿದ್ದು. ಒಂದೇ ಅಳತೆಯನ್ನು ನಂಬಬೇಡಿ, ಸರಾಸರಿ ತೆಗೆಯಿರಿ ಎಂದು ನಾವು ಮಕ್ಕಳಿಗೆ ಹೇಳುವ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಇನ್ನೊಂದು ದೋಷ ಅವನಿಗೆ ಕಾಣಿಸುವಂತೆಯೇ ಇರಲಿಲ್ಲ. ಘರ್ಷಣೆಯಿಲ್ಲದೆ ಜಾರುವ ವಸ್ತುವಾದರೆ 300 ಎತ್ತರದಿಂದ ಬಂದು ಸುಮಾರು 997ರಲ್ಲಿ ಬೀಳಬೇಕು. ಬಿದ್ದದ್ದು 800ರಲ್ಲಿ. ಸುಮಾರು ಇನ್ನೂರು ಪುಂತೊ ಎಲ್ಲಿ ಹೋಯಿತು? ಗುಂಡು ಜಾರುವುದಿಲ್ಲ, ಉರುಳುತ್ತದೆ. ಇಳಿದು ಬಂದ ಶಕ್ತಿಯಲ್ಲಿ ಒಂದು ಪಾಲು ಅದು ತನ್ನ ಸುತ್ತ ತಿರುಗುವುದಕ್ಕೆ ಖರ್ಚಾಗುತ್ತದೆ. ಗಟ್ಟಿ ಗುಂಡು ಸಮತಟ್ಟಾದ ಹಲಗೆಯ ಮೇಲೆ ಉರುಳಿದರೆ ಏಳರಲ್ಲಿ ಐದು ಪಾಲು ಮಾತ್ರ ಮುಂದಿನ ಚಲನೆಗೆ ಉಳಿಯುತ್ತದೆ. ಆಗ ದೂರ 842 ಆಗಬೇಕು. ತೋಡಿನಲ್ಲಿ ಉರುಳಿದರೆ ಇನ್ನೂ ಕಡಿಮೆ. ತಿರುಗುವ ವಸ್ತುಗಳ ಈ ಲೆಕ್ಕ ಆಯ್ಲರ್ ಮೊದಲಾದವರ ಕೈಯಲ್ಲಿ ರೂಪುಗೊಂಡದ್ದು ಹದಿನೆಂಟನೆಯ ಶತಮಾನದಲ್ಲಿ. ಆದರೂ ಗೆಲಿಲಿಯೊನ ನಿಯಮ ಕೆಡಲಿಲ್ಲ. ಈ ಕಡಿತ ಎಲ್ಲ ಎತ್ತರಗಳಿಗೂ ಒಂದೇ ಪ್ರಮಾಣದಲ್ಲಿ ಆಗುತ್ತದೆ, ಅವನು ಹೋಲಿಸಿದ್ದು ದೂರಗಳ ಅನುಪಾತವನ್ನು ಮಾತ್ರ. ಹಾಗಾಗಿ ದೋಷ ಮೇಲೂ ಕೆಳಗೂ ಹೊಡೆದುಹೋಯಿತು.

ಇದೇ ಪ್ರಯೋಗವನ್ನು ವಿಜ್ಞಾನ ಸಂಘದ ಅವಧಿಯಲ್ಲಿ ಒಂಬತ್ತನೆಯ ತರಗತಿಯವರಿಂದ ಮಾಡಿಸಬಹುದು, ಖರ್ಚು ಹೆಚ್ಚಿಲ್ಲ. ಪರದೆ ಹಾಕುವ ಅಲ್ಯೂಮಿನಿಯಂ ಚಾನೆಲ್, ಒಂದು ಬೇರಿಂಗ್ ಗುಂಡು, ಬಿಳಿ ಹಾಳೆ, ಅದರ ಮೇಲೆ ಕಾರ್ಬನ್ ಹಾಳೆ, ದಾರಕ್ಕೆ ಕಟ್ಟಿದ ತೂಗುಗುಂಡು. ನಾನು ಬೋಧನಾಭ್ಯಾಸದಲ್ಲಿ ನೋಡಿದಂತೆ ಹೆಚ್ಚು ತೊಂದರೆ ಕೊಡುವುದು ಚಾನೆಲ್ಲಿನ ಕೊನೆಯ ತುದಿ. ಅದು ಸಮತಟ್ಟಾಗಿರದೆ 2 ಡಿಗ್ರಿಯಷ್ಟು ತಗ್ಗಿದ್ದರೂ, 78 ಸೆಂಟಿಮೀಟರ್ ಎತ್ತರದ ಮೇಜಿನಿಂದ 140 ಸೆಂಟಿಮೀಟರ್ ದೂರ ಬೀಳಬೇಕಾದ ಗುಂಡು ಸುಮಾರು 4 ಸೆಂಟಿಮೀಟರ್ ಹಿಂದೆಯೇ ಬೀಳುತ್ತದೆ. ಗೆಲಿಲಿಯೊನ 41 ಪುಂತೊ ಕೂಡ ಹೆಚ್ಚುಕಡಿಮೆ ಅಷ್ಟೇ. ಬಿಡುವಾಗ ಬೆರಳು ಸ್ವಲ್ಪ ತಳ್ಳುವುದು, ಗುಂಡು ಹೊರಬೀಳುವ ತುದಿಯ ನೇರ ಕೆಳಗಿನಿಂದ ಅಳೆಯದೆ ಮೇಜಿನ ಕಾಲಿನಿಂದ ಅಳೆಯುವುದು, ಬಿದ್ದ ರಭಸಕ್ಕೆ ಹಾಳೆ ಜರುಗುವುದು ಇವೂ ಇದ್ದೇ ಇವೆ. ಗಾಳಿಯ ತಡೆಯಿಂದ ತಪ್ಪಾಯಿತು ಸಾರ್ ಎಂದು ಮಕ್ಕಳು ಮೊದಲು ಹೇಳುತ್ತಾರೆ, ಪುಸ್ತಕದಲ್ಲಿ ಓದಿರುತ್ತಾರಲ್ಲ. ಇಷ್ಟು ಚಿಕ್ಕ ಉಕ್ಕಿನ ಗುಂಡು ಇಷ್ಟು ನಿಧಾನದಲ್ಲಿ ಹೋಗುವಾಗ ಗಾಳಿಯ ಪಾಲು ನಮ್ಮ ಅಳತೆಗೆ ಸಿಗುವಷ್ಟೂ ಇರುವುದಿಲ್ಲ. ಒಂದೇ ಎತ್ತರದಿಂದ ಹತ್ತು ಸಲ ಬಿಡಿಸಿ, ಕಾರ್ಬನ್ನಿನ ಚುಕ್ಕೆಗಳ ಗುಂಪನ್ನು ನೋಡಿಸಿದರೆ ಯಾವ ದೋಷ ಎಲ್ಲಿಂದ ಬರುತ್ತದೆಂದು ಅವರೇ ಹುಡುಕತೊಡಗುತ್ತಾರೆ.

1609ರಲ್ಲಿ ದೂರದರ್ಶಕ ಕೈಗೆ ಬಂದ ಮೇಲೆ ಚಲನೆಯ ಹಾಳೆಗಳು ಮೂಲೆ ಸೇರಿದವು. ಚಂದ್ರನ ಬೆಟ್ಟಗಳು, ಗುರುವಿನ ನಾಲ್ಕು ಉಪಗ್ರಹಗಳು, 1610ರ ಪುಸ್ತಕ, ಫ್ಲಾರೆನ್ಸಿನ ಆಸ್ಥಾನದ ಕೆಲಸ, ಸೂರ್ಯಕೇಂದ್ರ ಸಿದ್ಧಾಂತದ ವಾದ ಇವೆಲ್ಲ ಎಲ್ಲರಿಗೂ ಗೊತ್ತಿರುವ ಕಥೆ. 1632ರಲ್ಲಿ ಇನ್ನೊಂದು ಪೆಟ್ಟು ಬಿತ್ತು. ಕವಾಲಿಯೇರಿ ಎಂಬ ಕಿರಿಯ ಗಣಿತಜ್ಞ, ತನ್ನ ಪುಸ್ತಕದಲ್ಲಿ ಎಸೆದ ವಸ್ತುವಿನ ದಾರಿ ಪರವಲಯ ಎಂದು ಅಚ್ಚು ಹಾಕಿಸಿಬಿಟ್ಟ. ಕದಿಯುವ ಉದ್ದೇಶ ಅವನಿಗಿರಲಿಲ್ಲ, ಎಲ್ಲರಿಗೂ ತಿಳಿದದ್ದೆಂದೇ ಭಾವಿಸಿದ್ದ. ಆದರೂ ಹಲವು ದಶಕ ಕೆಲಸ ಮಾಡಿ ಪ್ರಕಟಿಸದೆ ಇಟ್ಟುಕೊಂಡಿದ್ದ ಹಿರಿಯನಿಗೆ ಬಹಳ ನೋವಾಯಿತು. ಕವಾಲಿಯೇರಿ ವಿನಯದಿಂದ ಪತ್ರ ಬರೆದು ಸಮಾಧಾನ ಮಾಡಿದ.

1633ರ ಜೂನ್ 22ರಂದು ರೋಮಿನಲ್ಲಿ ಮಂಡಿಯೂರಿ ತನ್ನ ಮಾತನ್ನು ಹಿಂತೆಗೆದುಕೊಳ್ಳಬೇಕಾಯಿತು. ಆಮೇಲೆ ಬದುಕಿನ ಕೊನೆಯವರೆಗೂ ಗೃಹಬಂಧನ. ಮೊದಲು ಸಿಯೆನಾದ ಆರ್ಚ್‌ಬಿಷಪ್ ತನ್ನ ಮನೆಯಲ್ಲಿ ಇರಿಸಿಕೊಂಡ. ಹೊಸ ಪುಸ್ತಕದ ಕೆಲಸ ಅಲ್ಲೇ ಶುರುವಾಯಿತು. ವರ್ಷದ ಕೊನೆಗೆ ಫ್ಲಾರೆನ್ಸಿನ ಹತ್ತಿರದ ಆರ್ಚೆತ್ರಿಯ ತನ್ನ ಮನೆಗೆ ಬರಲು ಅನುಮತಿ ಸಿಕ್ಕಿತು. ಹಿರಿಯ ಮಗಳು ವಿರ್ಜೀನಿಯ ಅಲ್ಲೇ ಸಮೀಪದ ಮಠದಲ್ಲಿ ಸನ್ಯಾಸಿನಿಯಾಗಿದ್ದಳು. ತಂದೆ ಬಂದ ಕೆಲವೇ ತಿಂಗಳಲ್ಲಿ, 1634ರ ಏಪ್ರಿಲ್‌ನಲ್ಲಿ ಅವಳು ತೀರಿಕೊಂಡಳು. ಆಕೆಗೆ 33 ವರ್ಷ. ಎಪ್ಪತ್ತು ತುಂಬಿದ ಮುದುಕ ಮೂಲೆ ಸೇರಿದ್ದ ಹಾಳೆಗಳನ್ನು ಮತ್ತೆ ತೆಗೆದ.

ಅವನ ಪುಸ್ತಕ ಅಚ್ಚು ಹಾಕಲು ಚರ್ಚಿನ ನಿಷೇಧವಿತ್ತು. ಹಸ್ತಪ್ರತಿ ಹಾಲೆಂಡಿಗೆ ಹೋಗಿ, 1638ರಲ್ಲಿ ಲೈಡನ್ನಿನಲ್ಲಿ ಎಲ್ಸೆವಿರ್ ಮುದ್ರಣಾಲಯದಿಂದ ಎರಡು ಹೊಸ ವಿಜ್ಞಾನಗಳ ಪುಸ್ತಕ ಹೊರಬಂತು. ಅಷ್ಟರಲ್ಲಿ ಲೇಖಕನಿಗೆ ಎರಡೂ ಕಣ್ಣು ಹೋಗಿತ್ತು. ಇಳಿಜಾರು ಹಲಗೆಯ ಪ್ರಯೋಗವನ್ನು ಅದರಲ್ಲಿ ವಿವರವಾಗಿ ಹೇಳಿದ್ದಾನೆ: ನುಣುಪಾದ ತೋಡಿಗೆ ಚರ್ಮದ ಹಾಳೆ ಅಂಟಿಸಿದ್ದು, ಕಂಚಿನ ಗುಂಡು, ಪಾತ್ರೆಯಿಂದ ಸಣ್ಣಗೆ ಸುರಿಯುವ ನೀರನ್ನು ಹಿಡಿದು ತೂಗಿ ಕಾಲ ಅಳೆದದ್ದು, ಪ್ರತಿಯೊಂದನ್ನೂ ನೂರು ಸಲ ಮಾಡಿದ್ದು. ನಾಲ್ಕನೆಯ ದಿನದ ಸಂವಾದ ಪೂರ್ತಿ ಎಸೆದ ವಸ್ತುಗಳದು. ಅಡ್ಡ ಚಲನೆ ಒಂದೇ ಸಮನೆ, ಕೆಳಗಿನ ಚಲನೆ ವೇಗೋತ್ಕರ್ಷದಿಂದ, ಎರಡೂ ಒಂದಕ್ಕೊಂದು ಅಡ್ಡಿಯಿಲ್ಲದೆ ಸೇರಿದರೆ ಪರವಲಯ. 45 ಡಿಗ್ರಿಯೇ ಏಕೆ ಹೆಚ್ಚು ದೂರ ಎಂಬುದಕ್ಕೂ ಅಲ್ಲಿ ಸಾಧನೆ ಇದೆ.

ಆಕ್ಷೇಪಗಳನ್ನು ಅವನೇ ತನ್ನ ಪಾತ್ರಗಳ ಬಾಯಲ್ಲಿ ಎತ್ತಿಸಿದ್ದಾನೆ. ಭೂಮಿ ಗುಂಡಗಿರುವುದರಿಂದ ಅಡ್ಡ ಗೆರೆ ನಿಜವಾಗಿ ಸಮತಟ್ಟಲ್ಲ. ಲಂಬ ಗೆರೆಗಳೆಲ್ಲ ಭೂಕೇಂದ್ರದ ಕಡೆಗೆ ಹೋಗುವುದರಿಂದ ಒಂದಕ್ಕೊಂದು ಸಮಾಂತರವಲ್ಲ. ಗಾಳಿ ತಡೆಯುತ್ತದೆ. ಮೂರನ್ನೂ ಒಪ್ಪಿಕೊಂಡು, ಮೊದಲೆರಡು ನಮ್ಮ ದೂರಗಳಿಗೆ ಲೆಕ್ಕಕ್ಕೆ ಬಾರದಷ್ಟು ಚಿಕ್ಕವು ಎಂದು ತೋರಿಸುತ್ತಾನೆ. ಮೂರನೆಯದು ಫಿರಂಗಿಯ ವೇಗಕ್ಕೆ ಚಿಕ್ಕದಲ್ಲ ಎಂಬುದನ್ನೂ ಮುಚ್ಚಿಡುವುದಿಲ್ಲ. ಅದು ಎಷ್ಟು ದೊಡ್ಡದೆಂದು ನೂರು ವರ್ಷಗಳ ನಂತರ, 1742ರ ತನ್ನ ಪುಸ್ತಕದಲ್ಲಿ ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ ಅಳೆದು ತೋರಿಸಿದ. ಆ ರಾಬಿನ್ಸ್ ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಕೆಲಸಕ್ಕೆ ಬಂದು 1751ರಲ್ಲಿ ನಮ್ಮ ನೆರೆಯ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ಸತ್ತ.

ಆದರೆ 116ನೆಯ ಹಾಳೆಯ ಅಂಕಿಗಳು ಆ ಪುಸ್ತಕದಲ್ಲಿ ಇಲ್ಲ. ಗೆಲಿಲಿಯೊ 1642ರ ಜನವರಿ 8ರಂದು ತೀರಿಕೊಂಡ. ಕೊನೆಯ ದಿನಗಳಲ್ಲಿ ಜೊತೆಗಿದ್ದ ವಿವಿಯಾನಿ ಗುರುವಿನ ಕಾಗದಗಳನ್ನು ಭಯದಿಂದ ಬಚ್ಚಿಟ್ಟ. ಅವನೂ ಹೋದ ಮೇಲೆ ಅವು ಧಾನ್ಯದ ಹಗೇವಿನಲ್ಲಿದ್ದವು, ಕೆಲವು ಹಾಳೆಗಳಲ್ಲಿ ಅಂಗಡಿಯವ ಮಾಂಸ ಕಟ್ಟಿಕೊಡುತ್ತಿದ್ದುದನ್ನು ಕಂಡು ಉಳಿದವನ್ನು ಕೊಂಡುಕೊಂಡೆ ಎಂಬುದು ನೆಲ್ಲಿ ಎಂಬಾತನ ಕಥನ. 1890ರಿಂದ 1909ರವರೆಗೆ ಆಂತೋನಿಯೊ ಫವಾರೊ ಗೆಲಿಲಿಯೊನ ಸಮಗ್ರ ಬರಹಗಳನ್ನು ಇಪ್ಪತ್ತು ಸಂಪುಟಗಳಲ್ಲಿ ಸಂಪಾದಿಸಿದ. ಬರೀ ಲೆಕ್ಕ, ಚಿತ್ರಗಳಿದ್ದ ಹಲವು ಹಾಳೆಗಳನ್ನು ಅದರಲ್ಲಿ ಸೇರಿಸಲಿಲ್ಲ. 116 ಅವುಗಳಲ್ಲಿ ಒಂದು. ಮುಂದೆ ಅಲೆಕ್ಸಾಂಡರ್ ಕೊಯ್ರೆ ಎಂಬ ದೊಡ್ಡ ಇತಿಹಾಸಕಾರ, ಗೆಲಿಲಿಯೊನ ಪ್ರಯೋಗಗಳು ಹೆಚ್ಚಾಗಿ ತಲೆಯೊಳಗೆ ನಡೆದವೇ ಹೊರತು ಅಷ್ಟು ಒರಟು ಸಲಕರಣೆಗಳಿಂದ ಆ ನಿಖರತೆ ಸಾಧ್ಯವಿಲ್ಲ ಎಂದು ವಾದಿಸಿದ. ಬಹಳ ಜನ ನಂಬಿದರು. 1961ರಲ್ಲಿ ಥಾಮಸ್ ಸೆಟ್ಲ್ ಎಂಬಾತ ಹಲಗೆ, ಗುಂಡು, ನೀರಿನ ಪಾತ್ರೆ ಇಟ್ಟುಕೊಂಡು ಪುಸ್ತಕದಲ್ಲಿದ್ದಂತೆಯೇ ಮಾಡಿ ನೋಡಿದ, ಸಾಧ್ಯವಾಯಿತು. 1973ರಲ್ಲಿ ಸ್ಟಿಲ್‌ಮನ್ ಡ್ರೇಕ್ ಆ ಕಟ್ಟಿನಿಂದ 116ನೆಯ ಹಾಳೆಯನ್ನು ತೆಗೆದು ಪ್ರಕಟಿಸಿದ. ಗುಂಡು ಹೇಗೆ ಅಡ್ಡಕ್ಕೆ ತಿರುಗಿತು, ಇಳಿಜಾರು ಎಷ್ಟಿತ್ತು ಎಂಬ ಬಗ್ಗೆ ವಿದ್ವಾಂಸರಲ್ಲಿ ಅಂದಿನಿಂದಲೂ ಚರ್ಚೆ ನಡೆದಿದೆ. ತಲೆಯೊಳಗೇ ಮಾಡಿದ ಪ್ರಯೋಗಕ್ಕೆ 41, 22, 10, 40 ಎಂಬ ವ್ಯತ್ಯಾಸಗಳು ಬರುವುದಿಲ್ಲವಷ್ಟೆ.

ಹಾಳೆಯ ಚಿತ್ರ ಈಗ ಅಂತರಜಾಲದಲ್ಲಿ ಯಾರಿಗಾದರೂ ಸಿಗುತ್ತದೆ. ಇಟಾಲಿಯನ್ ಬಾರದಿದ್ದರೂ ಅಂಕಿಗಳನ್ನು ಓದಬಹುದು. ಮುದ್ರಿಸಿ ಮಕ್ಕಳ ಕೈಗೆ ಕೊಡುವುದಾದರೆ ಅಳತೆಗಳನ್ನು ಮಾತ್ರ ತೋರಿಸಿ, ವ್ಯತ್ಯಾಸಗಳ ಮೇಲೆ ಒಂದು ಕಾಗದದ ಚೂರು ಅಂಟಿಸಿ ಕೊಡಿ.